ಲಾಕ್‌ಡೌನ್ ಟೊಮೆಟೊ ಇಟ್ಟುಕೊಂಡು ಎಂಜಿನಿಯರಿಂಗ್ ಪಾಠ: ಕೋಲಾರದ ಎರಡು ದಿನದ ಕಾರ್ಯಾಗಾರ ಹೇಗಿದೆ?

ಮೆಕ್ಯಾನಿಕಲ್, ಸಿವಿಲ್, ಇಂಡಸ್ಟ್ರಿಯಲ್ ಯಾವ ವಿಭಾಗದವರೇ ಆಗಿರಲಿ, ಈ ಕಾರ್ಯಾಗಾರಕ್ಕೆ ಧಾರಾಳವಾಗಿ ಸೇರಬಹುದು. 2020ರ ಲಾಕ್‌ಡೌನ್‌ನಲ್ಲಿ ಬೆಳೆದ ಟೊಮೆಟೊ ತಿನ್ನುವವರನ್ನು ಯಾಕೆ ತಲುಪಲಿಲ್ಲ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಪಾಠ ಸಾಗುತ್ತದೆ. ಮೊದಲ ದಿನ ಬಹಳ ಚೆನ್ನಾಗಿದೆ, ಎರಡನೇ ದಿನ ಮಧ್ಯಾಹ್ನದ ಮೇಲೆ ಹಳಿ ತಪ್ಪುತ್ತದೆ.

ಶುರುವಿಗೇ ಸರ್ಕಾರಿ ಆದೇಶಗಳ ಪ್ರತಿ ಕೈಗೆ ಕೊಡುತ್ತಾರೆ. ಲಾಕ್‌ಡೌನ್ ಆರಂಭವಾದದ್ದು ಮಾರ್ಚ್ 25ಕ್ಕೆ. ಮಂಡಿಗಳಿಗೆ, ಹೊಲದ ಕೆಲಸಕ್ಕೆ ಕೇಂದ್ರ ಗೃಹ ಸಚಿವಾಲಯ 27ಕ್ಕೇ ವಿನಾಯಿತಿ ಕೊಟ್ಟಿತು, 29ಕ್ಕೆ ಎಲ್ಲ ಬಗೆಯ ಸರಕು ಸಾಗಣೆಗೂ. ಹೆದ್ದಾರಿಯ ಲಾರಿ ರಿಪೇರಿ ಅಂಗಡಿಗಳ ಹೆಸರು ಬಂದದ್ದು ಮಾತ್ರ ಏಪ್ರಿಲ್ ಆರಂಭದಲ್ಲಿ, ಢಾಬಾಗಳದ್ದು ಏಪ್ರಿಲ್ 15ರ ಮಾರ್ಗಸೂಚಿಯಲ್ಲಿ. ದಾರಿಯಲ್ಲಿ ಊಟವಿಲ್ಲ, ಪಂಕ್ಚರ್ ಹಾಕುವವರಿಲ್ಲ, ವಾಪಸ್ ಬರಲು ಲೋಡಿಲ್ಲ ಅಂದರೆ ಯಾವ ಡ್ರೈವರ್ ಹೊರರಾಜ್ಯಕ್ಕೆ ಹೊರಡುತ್ತಾನೆ? ಏನೇ ತೊಂದರೆ ಇರಲಿ, ಕೋಲ್ಡ್ ಸ್ಟೋರೇಜ್ ಕಟ್ಟಿದರೆ ಸರಿಹೋಗುತ್ತದೆ ಎಂದು ಬರೆಯುವ ಚಾಳಿಯನ್ನು ಈ ಒಂದು ಅಭ್ಯಾಸ ಬಿಡಿಸುತ್ತದೆ.

ಆಮೇಲೆ ಲೆಕ್ಕ. ಹತ್ತು ಟನ್ ಲೋಡ್ ಅಂದರೆ 15 ಕೆಜಿಯ ಸುಮಾರು 660 ಬಾಕ್ಸ್. ಒಬ್ಬ ಹಮಾಲಿ ಗಂಟೆಗೆ 55 ಬಾಕ್ಸ್ ಏರಿಸುತ್ತಾನೆ ಎಂದಿಟ್ಟುಕೊಂಡರೆ ಒಂದು ಲಾರಿಗೆ ಆರು ಜನರಿದ್ದರೆ ಎರಡು ಗಂಟೆ ಸಾಕು. ಅಂತರ ಕಾಯಬೇಕೆಂದು ಮೂವರನ್ನೇ ಬಿಟ್ಟರೆ ನಾಲ್ಕು ಗಂಟೆ. ಗಂಟೆಗೆ ಐದು ಲಾರಿ ಬರುತ್ತಿದ್ದರೆ ಲಿಟಲ್ಸ್ ನಿಯಮದ ಪ್ರಕಾರ (ಗಂಟೆಗೆ ಬರುವ ಲಾರಿ × ಪ್ರತಿ ಲಾರಿ ನಿಲ್ಲುವ ಗಂಟೆ) ಯಾರ್ಡಿನಲ್ಲಿ ಹತ್ತರ ಬದಲು ಇಪ್ಪತ್ತು ಲಾರಿ ನಿಲ್ಲುತ್ತವೆ. ಜಾಗ ಹನ್ನೆರಡಕ್ಕೇ ಇದ್ದರೆ ಉಳಿದವು ರಸ್ತೆಗೆ, ಬಿಸಿಲಿಗೆ. ಕ್ಯೂಯಿಂಗ್ ಥಿಯರಿಯನ್ನು, ಅಂದರೆ ಸರದಿ ಸಾಲಿನ ಲೆಕ್ಕವನ್ನು, ಇದಕ್ಕಿಂತ ಚೆನ್ನಾಗಿ ಹೇಳಿಕೊಡುವುದು ಕಷ್ಟ.

ಎರಡನೇ ದಿನ ಬೆಳಿಗ್ಗೆ ಕರೆಂಟ್ ಬೇಡದ ತಂಪು ಪೆಟ್ಟಿಗೆ ಕಟ್ಟಿಸುತ್ತಾರೆ. ಇದು ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯ ವಿನ್ಯಾಸ: ಎರಡು ಸಾಲು ಇಟ್ಟಿಗೆ ಗೋಡೆ, ನಡುವೆ 7.5 ಸೆಂ.ಮೀ. ಸಂದು, ಅದರ ತುಂಬ ಒದ್ದೆ ಮರಳು, ಮೇಲೆ ನೆರಳು. ಇಟ್ಟಿಗೆಯನ್ನು ಮೊದಲೇ ನೆನೆಸದಿದ್ದರೆ ಮರಳಿನ ನೀರನ್ನೆಲ್ಲ ಅದೇ ಹೀರುತ್ತದೆ. ನೀರನ್ನು ಮರಳಿಗೆ ಹಾಕಬೇಕು, ಹಣ್ಣಿಗಲ್ಲ; ಹಣ್ಣು ನೆನೆದರೆ ಕೊಳೆ ಬೇಗ ಹರಡುತ್ತದೆ. 36 ಡಿಗ್ರಿ ಬಿಸಿಲಿನಲ್ಲಿ, ಆರ್ದ್ರತೆ 30 ಶೇಕಡ ಇದ್ದಾಗ ವೆಟ್ ಬಲ್ಬ್ ಉಷ್ಣಾಂಶ, ಅಂದರೆ ನೀರು ಆವಿಯಾಗುವುದರಿಂದ ಗಾಳಿ ಇಳಿಯಬಲ್ಲ ಕನಿಷ್ಠ ಉಷ್ಣಾಂಶ, ಸುಮಾರು 22 ಡಿಗ್ರಿ. ಪೆಟ್ಟಿಗೆ ಅದಕ್ಕಿಂತ ಕೆಳಗೆ ಹೋಗಲಾರದು. ಮಳೆಗಾಲದಲ್ಲಂತೂ ಎರಡು ಮೂರು ಡಿಗ್ರಿ ಇಳಿದರೆ ಹೆಚ್ಚು. ಇದನ್ನು ಸೈಕ್ರೋಮೆಟ್ರಿಕ್ ಚಾರ್ಟ್‌ನಲ್ಲಿ (ಗಾಳಿಯ ಉಷ್ಣಾಂಶ, ಆರ್ದ್ರತೆ ತೋರಿಸುವ ನಕ್ಷೆ) ಗುರುತಿಸಿ, ಥರ್ಮಾಮೀಟರ್ ಇಟ್ಟು ಅಳೆದು ನೋಡಿಸುತ್ತಾರೆ. ಬಲಿತ ಹಸಿರು ಟೊಮೆಟೊವನ್ನು ಫ್ರಿಜ್‌ನಲ್ಲಿ ನಾಲ್ಕೈದು ಡಿಗ್ರಿಯಲ್ಲಿಟ್ಟರೆ ಚಳಿ ಹೊಡೆದು, ಆಮೇಲೆ ಸರಿಯಾಗಿ ಹಣ್ಣಾಗುವುದಿಲ್ಲ, ಅದಕ್ಕೆ ಬೇಕಾದದ್ದು 12ರಿಂದ 15 ಡಿಗ್ರಿ ಎಂಬ ಮಾತೂ ಇಲ್ಲೇ ಬರುತ್ತದೆ.

ಮಧ್ಯಾಹ್ನದ ಮೇಲೆ ಆ್ಯಪ್ ತಯಾರಿ. ಇದು ಬೇಡವಾಗಿತ್ತು. ರೈತರಿಗೆ ಬಾಡಿಗೆ ವಾಹನ ಹುಡುಕಿಕೊಡಲು ಕೇಂದ್ರವೇ 2020ರ ಏಪ್ರಿಲ್ 17ಕ್ಕೆ ಕಿಸಾನ್ ರಥ್ ಆ್ಯಪ್ ತಂದಿತ್ತು. ಅದು ಎಲ್ಲಿ ನೆರವಾಗಬಲ್ಲದು, ಎಲ್ಲಿ ಆಗದು ಎಂದು ಒಂದು ಗಂಟೆ ಚರ್ಚಿಸಿದ್ದರೆ ಹೆಚ್ಚು ಲಾಭವಿತ್ತು. ಎಪಿಎಂಸಿ ಭೇಟಿಯನ್ನೂ ಹರಾಜು ಮುಗಿದ ಮೇಲೆ ಇಟ್ಟಿದ್ದಾರೆ, ಖಾಲಿ ಕಟ್ಟೆ ನೋಡಿ ಏನು ಪ್ರಯೋಜನ? ದೊಡ್ಡ ಕೊರತೆ ದರದ್ದು. ಕೀಳುವ ಕೂಲಿ, ಬಾಡಿಗೆ, ಕಮಿಷನ್ ಸೇರಿದ ಮೊತ್ತಕ್ಕಿಂತ ಬಾಕ್ಸ್ ದರ ಕೆಳಗಿಳಿದರೆ ರೈತ ಕೀಳುವುದನ್ನೇ ನಿಲ್ಲಿಸುತ್ತಾನೆ. ಆಗ ಎಷ್ಟೇ ತಂಪಿದ್ದರೂ ಕೆಲಸಕ್ಕೆ ಬಾರದು. ಈ ಲೆಕ್ಕ ಪಾಠದಲ್ಲಿ ಎಲ್ಲೂ ಇಲ್ಲ.

ಆ್ಯಪ್‌ನ ಹೊತ್ತಿಗೆ ಚಿಕ್ಕಬಳ್ಳಾಪುರದ ದ್ರಾಕ್ಷಿ ತರಬಹುದು. ಟೊಮೆಟೊದ ಹಾಗೆ ಕಾಯಿ ಕಿತ್ತು ಹಣ್ಣು ಮಾಡುವ ಬೆಳೆಯಲ್ಲ ಅದು. ಬಳ್ಳಿಯಲ್ಲೇ ಮಾಗಬೇಕು, ಕಿತ್ತ ಮೇಲೆ ಸೊನ್ನೆ ಡಿಗ್ರಿಯ ಹತ್ತಿರ ಇಡಬೇಕು. ಇಟ್ಟಿಗೆ ಪೆಟ್ಟಿಗೆ ಅಲ್ಲಿ ಸಾಲದು. ಎರಡಕ್ಕೂ ಬೇರೆ ಬೇರೆ ವಿನ್ಯಾಸ ಮಾಡಿಸಿದರೆ ಎರಡನೇ ದಿನವೂ ಮೊದಲನೆಯದರಷ್ಟೇ ಗಟ್ಟಿಯಾಗುತ್ತದೆ.