ಶುರು ಮಾಡುವವರಿಗೆ ಕನ್ನಡ ವಿಕಿಸೋರ್ಸ್ ಒಳ್ಳೆಯ ಜಾಗ

ವಿಕಿಪೀಡಿಯಾಕ್ಕೆ ಬರೆಯುವ ಆಸೆಯಿದ್ದೂ ಹಿಂಜರಿಯುವವರು ಮೊದಲು ಉಚಿತ ಆನ್‌ಲೈನ್ ಗ್ರಂಥಾಲಯವಾದ ಕನ್ನಡ ವಿಕಿಸೋರ್ಸ್‌ಗೆ ಬನ್ನಿ. ಹಕ್ಕುಸ್ವಾಮ್ಯ ಮುಗಿದ ಹಳೇ ಪುಸ್ತಕಗಳ ಪುಟ ತೆರೆದರೆ ಒಂದು ಕಡೆ ಸ್ಕ್ಯಾನ್ ಚಿತ್ರ, ಪಕ್ಕದಲ್ಲೇ ಕಂಪ್ಯೂಟರ್ ಓದಿಕೊಂಡ ಪಠ್ಯ. ಅದರಲ್ಲಿ ಒತ್ತಕ್ಷರ ತಪ್ಪಿರುತ್ತದೆ, ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ ಕೂತಿರುತ್ತದೆ. ಚಿತ್ರ ನೋಡಿಕೊಂಡು ತಿದ್ದಿ ಉಳಿಸಿದರೆ ಆಯ್ತು. ಪೂರ್ತಿ ತಿದ್ದಿದ ಪುಟಕ್ಕೆ ಉಳಿಸುವಾಗ ನೀವೇ ಹಳದಿ ಬಣ್ಣ ಆರಿಸಬೇಕು, ಇನ್ನೊಬ್ಬರು ಅದನ್ನು ಮತ್ತೆ ಓದಿ ಒಪ್ಪಿದ ಮೇಲೆಯೇ ಹಸಿರು. ಹೀಗೆ ಎರಡು ಜೊತೆ ಕಣ್ಣು ಬೀಳುವುದರಿಂದ ಹೊಸಬರು ಹೆದರಬೇಕಾಗಿಲ್ಲ ಅಲ್ವಾ, ಈ ವ್ಯವಸ್ಥೆ ನನಗೆ ತುಂಬಾ ಇಷ್ಟ. ಮೊಬೈಲಿನಲ್ಲಿ ಮಾತ್ರ ಕಷ್ಟ, ಚಿತ್ರ-ಪಠ್ಯ ಎರಡೂ ಒಟ್ಟಿಗೆ ಸರಿಯಾಗಿ ಕಾಣಲ್ಲ. ಲ್ಯಾಪ್‌ಟಾಪ್ ಇದ್ದರೆ ಒಳ್ಳೆಯದು. ಖಾತೆ ಮಾಡಿಕೊಂಡೇ ಶುರು ಮಾಡಿ, ಲಾಗಿನ್ ಆಗದೆ ಪುಟದ ಬಣ್ಣ ಬದಲಿಸಲು ಆಗುವುದಿಲ್ಲ.