ಡಿಸ್ನಿಲ್ಯಾಂಡ್ ಪ್ಯಾರಿಸ್, ಯೂರೋಪಾ ಪಾರ್ಕ್, ಎಫ್ಟೆಲಿಂಗ್: ಕಡಿಮೆ ಖರ್ಚಿಗೆ ಯಾವುದು ಯಾರಿಗೆ?

ಯೂರೋಪಿನ ಈ ಮೂರು ಮನರಂಜನಾ ಪಾರ್ಕ್‌ಗಳ ಟಿಕೆಟ್ ದರವನ್ನಷ್ಟೇ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ರಾತ್ರಿ ಎಲ್ಲಿ ಉಳಿಯುತ್ತೀರಿ, ಹೇಗೆ ತಲುಪುತ್ತೀರಿ, ಮಧ್ಯಾಹ್ನ ಏನು ತಿನ್ನುತ್ತೀರಿ ಎಂಬುದರ ಮೇಲೆ ಒಟ್ಟು ಖರ್ಚು ನಿಂತಿದೆ. ಮೂರರಲ್ಲೂ ದಿನಾಂಕಕ್ಕೆ ತಕ್ಕಂತೆ ದರ ಏರಿಳಿಯುತ್ತದೆ. ಸಾಮಾನ್ಯವಾಗಿ ಎಫ್ಟೆಲಿಂಗ್ ಅಗ್ಗ, ಯೂರೋಪಾ ಪಾರ್ಕ್ ನಡುವೆ, ರಜಾದಿನಗಳಲ್ಲಿ ಡಿಸ್ನಿ ತೀರಾ ದುಬಾರಿ. ಡಿಸ್ನಿಯಲ್ಲಿ ಮೂರು ವರ್ಷ ತುಂಬದ, ಉಳಿದೆರಡರಲ್ಲಿ ನಾಲ್ಕು ತುಂಬದ ಮಕ್ಕಳಿಗೆ ಟಿಕೆಟ್ ಬೇಡ.

ತಲುಪುವುದು ಡಿಸ್ನಿಗೇ ಸುಲಭ. ಪ್ಯಾರಿಸ್ ನಡುವಿನಿಂದ ಆರ್‌ಇಆರ್ ಎ ಎಂಬ ಉಪನಗರ ರೈಲಿನಲ್ಲಿ ಸುಮಾರು 40 ನಿಮಿಷ. ಕೊನೆಯ ನಿಲ್ದಾಣ ಮಾರ್ನ್-ಲಾ-ವ್ಯಾಲೆ ಶೆಸಿಯಲ್ಲಿ ಇಳಿದರೆ ಗೇಟು ಎದುರಿಗೇ. 2025ರಿಂದ ಆ ಪ್ರಾಂತ್ಯದಲ್ಲಿ ಮೆಟ್ರೋ, ರೈಲುಗಳಿಗೆ ಒಂದೇ ದರ ಬಂದಿರುವುದರಿಂದ ಒಂದು ಕಡೆಗೆ ಎರಡೂವರೆ ಯೂರೋ ಆಸುಪಾಸು. ಎಡವುವುದು ಇಲ್ಲಿ: ವ್ಯಾನ್ಸೆನ್ ನಿಲ್ದಾಣ ದಾಟಿದ ಮೇಲೆ ಈ ಮಾರ್ಗ ಕವಲೊಡೆಯುತ್ತದೆ. ಬ್ವಾಸಿ-ಸ್ಯಾನ್-ಲೇಜೆ ಕಡೆಯ ರೈಲು ಹತ್ತಿದರೆ ಹಿಂದಿರುಗಿ ಬರಬೇಕು. ಕೆಲವು ರೈಲುಗಳು ಟೋರ್ಸಿಯಲ್ಲೇ ನಿಲ್ಲುತ್ತವೆ. ಪ್ಲಾಟ್‌ಫಾರ್ಮ್ ಫಲಕದಲ್ಲಿ ಶೆಸಿ ಹೆಸರಿನ ಪಕ್ಕ ದೀಪ ಉರಿಯುತ್ತಿದ್ದರೆ ಮಾತ್ರ ಹತ್ತಿ. ಅಲ್ಲಿ ಎರಡು ಪಾರ್ಕ್‌ಗಳಿವೆ. ಒಂದೇ ದಿನ ಇರುವವರು 1992ರ ಹಳೆಯದನ್ನಷ್ಟೇ ನೋಡಲಿ. ಎರಡಕ್ಕೂ ಸೇರಿದ ಟಿಕೆಟ್ ಕೊಂಡರೆ ಹಣವೂ ಹೋಗುತ್ತದೆ, ಅತ್ತಿತ್ತ ಓಡಾಡುವುದರಲ್ಲಿ ಹೊತ್ತೂ ಹೋಗುತ್ತದೆ. ಊಟಕ್ಕೆ ಬ್ರೆಡ್, ಹಣ್ಣು, ಮೊಸರನ್ನು ಒಂದು ನಿಲ್ದಾಣ ಮೊದಲೇ ಸಿಗುವ ವಾಲ್ ದ'ಯೂರೋಪ್‌ನ ಓಶಾನ್ ಸೂಪರ್‌ಮಾರ್ಕೆಟ್‌ನಲ್ಲಿ ಕೊಳ್ಳಿ. ಗಾಜಿನ ಬಾಟಲಿ ಒಳಗೆ ಬಿಡುವುದಿಲ್ಲ.

ಜರ್ಮನಿಯ ರುಸ್ಟ್ ಊರಿನ ಯೂರೋಪಾ ಪಾರ್ಕ್ (1975) ರೋಲರ್ ಕೋಸ್ಟರ್ ಪ್ರಿಯರಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲ. 73 ಮೀಟರ್ ಎತ್ತರದ ಸಿಲ್ವರ್ ಸ್ಟಾರ್, ಮರದ ವೋಡಾನ್, 2024ರಲ್ಲಿ ಬಂದ ವೋಲ್ಟ್ರಾನ್, ಎಲ್ಲವೂ ಒಂದೇ ಟಿಕೆಟ್‌ನಲ್ಲಿ. ಫ್ರೈಬುರ್ಗ್‌ನಿಂದ ಪ್ರಾದೇಶಿಕ ರೈಲಿನಲ್ಲಿ ರಿಂಗ್ಸ್‌ಹೈಮ್, ಅಲ್ಲಿಂದ ಬಸ್. ಐದು ಜನರವರೆಗೆ ಹಂಚಿಕೊಳ್ಳಬಹುದಾದ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ದಿನದ ಟಿಕೆಟ್ ನೋಡಲು ಅಗ್ಗ, ಆದರೆ ವಾರದ ದಿನಗಳಲ್ಲಿ ಬೆಳಿಗ್ಗೆ 9ಕ್ಕೆ ಮೊದಲು ನಡೆಯುವುದಿಲ್ಲ. ಪಾರ್ಕ್ ತೆರೆಯುವುದೂ ಒಂಬತ್ತಕ್ಕೇ ಆದ್ದರಿಂದ ಕ್ಯೂ ಚಿಕ್ಕದಿರುವ ಮೊದಲ ತಾಸು ಕೈತಪ್ಪುತ್ತದೆ. ಅಂಥ ದಿನ ಬೆಳಿಗ್ಗೆಗೆ ಬಿಡಿ ಟಿಕೆಟ್ ಕೊಳ್ಳುವುದೇ ಮೇಲು. 2026ರಿಂದ ತಿಂಗಳಿಗೆ 63 ಯೂರೋ ಆಗಿರುವ ಡಾಯ್ಚ್‌ಲ್ಯಾಂಡ್ ಟಿಕೆಟ್ (ಜರ್ಮನಿಯಾದ್ಯಂತ ಪ್ರಾದೇಶಿಕ ರೈಲು, ಬಸ್‌ಗಳಿಗೆ ನಡೆಯುವ ಪಾಸ್) ಇದ್ದವರಿಗೆ ಈ ಚಿಂತೆಯಿಲ್ಲ, ಆದರೆ ಅದು ಚಂದಾ: ತಿಂಗಳ 10ರೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳೂ ಹಣ ಕಡಿತ. ಭಾನುವಾರ ಜರ್ಮನಿಯ ಅಂಗಡಿಗಳು ಮುಚ್ಚಿರುತ್ತವೆ; ಶನಿವಾರವೇ ಬುತ್ತಿಗೆ ಬೇಕಾದ್ದನ್ನು ತಂದಿಡಿ. ಸಿಲ್ವರ್ ಸ್ಟಾರ್‌ಗೆ 1.40 ಮೀಟರ್ ಎತ್ತರ ಬೇಕು. ಅದಕ್ಕಿಂತ ಕುಳ್ಳಗಿರುವ ಮಗುವಿನ ಜೊತೆ ಹೋದರೆ ಅರ್ಧ ಖುಷಿ ನಿಮಗೆ ದಕ್ಕುವುದಿಲ್ಲ.

ಪುಟ್ಟ ಮಕ್ಕಳಿಗಾದರೆ ನೆದರ್ಲೆಂಡ್ಸ್‌ನ ಕಾಟ್ಸ್‌ಹೂವೆಲ್ ಊರಿನ ಎಫ್ಟೆಲಿಂಗ್‌ಗೆ ನಮ್ಮ ಮತ. 1952ರಲ್ಲಿ ಆರಂಭವಾದ ಇದರ ಕಥೆಗಳ ಕಾಡಿನಲ್ಲಿ ಕ್ಯೂ ಕಾಟ ಕಡಿಮೆ, ನಡೆದಾಡುತ್ತಲೇ ನೋಡಬಹುದು. ಬೆಲ್ಜಿಯಂ ರಾಣಿ ಫಾಬಿಯೋಲಾ ಬರೆದ ಕಥೆಯ ಮೇಲೆ 1966ರಲ್ಲಿ ಮಾಡಿದ 'ಭಾರತದ ನೈದಿಲೆಗಳು' ಪ್ರದರ್ಶನವೂ ಅಲ್ಲೇ ಇದೆ. ಬೆಳಿಗ್ಗೆ ನೇರವಾಗಿ ಬ್ಯಾರನ್ 1898 ರೋಲರ್ ಕೋಸ್ಟರ್ (1.32 ಮೀಟರ್ ಎತ್ತರ ಬೇಕು) ಅಥವಾ ಕನಸಿನ ಲೋಕದ ಸವಾರಿ ಡ್ರೂಮ್‌ಫ್ಲುಖ್ಟ್‌ಗೆ ಹೋಗಿ, ಕಾಡನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಟಿಲ್ಬುರ್ಗ್ ನಿಲ್ದಾಣದಿಂದ ಬಸ್ ಇದೆ, ಬ್ಯಾಂಕ್ ಕಾರ್ಡ್ ತೋರಿಸಿಯೇ ಹತ್ತಬಹುದು. ಆದರೆ ಒಬ್ಬರಿಗೆ ಒಂದು ಕಾರ್ಡ್; ಇಳಿಯುವಾಗಲೂ ಅದೇ ಕಾರ್ಡ್ ತೋರಿಸಲೇಬೇಕು, ಮರೆತರೆ ಪ್ರಯಾಣಕ್ಕಿಂತ ಹೆಚ್ಚು ಹಣ ಹಿಡಿಯುತ್ತಾರೆ.

ದುಡ್ಡು ಕೊಟ್ಟು ಕ್ಯೂ ತಪ್ಪಿಸುವ ಪಾಸಿಗೆ ಬದಲು ಖಾಲಿ ಉಳಿದ ಒಂಟಿ ಸೀಟುಗಳನ್ನು ತುಂಬುವ ಉಚಿತ ಸಿಂಗಲ್ ರೈಡರ್ ಸಾಲು ಬಳಸಿ: ಡಿಸ್ನಿಯ ಎರಡನೇ ಪಾರ್ಕಿನ ಕ್ರಶ್ ಕೋಸ್ಟರ್, ಸಿಲ್ವರ್ ಸ್ಟಾರ್, ಬ್ಯಾರನ್ ಎಲ್ಲಕ್ಕೂ ಇದೆ. ಜೊತೆಗಾರರು ಬೇರೆ ಬೇರೆ ಕೂರಬೇಕು, ಅಷ್ಟೇ.

ಬೆಂಗಳೂರಿನಿಂದ ಬುತ್ತಿ ಕಟ್ಟುವವರು ಗಮನಿಸಿ: ಹಾಲಿನ ಪದಾರ್ಥ, ಮಾಂಸವನ್ನು ಐರೋಪ್ಯ ಒಕ್ಕೂಟಕ್ಕೆ ಪ್ರಯಾಣಿಕರು ಒಯ್ಯುವಂತಿಲ್ಲ. ತುಪ್ಪ, ಧಾರವಾಡ ಪೇಡ ಮನೆಯಲ್ಲೇ ಇರಲಿ; ಒಣ ಅವಲಕ್ಕಿ, ಚಟ್ನಿಪುಡಿ ಸಾಕು. ಸಸ್ಯಾಹಾರಿಗಳಿಗಂತೂ ಇದರಿಂದ ದೊಡ್ಡ ಉಳಿತಾಯ. ಒಳಗೆ ಏನಾದರೂ ಕೊಂಡು ಕಾರ್ಡ್ ಕೊಡುವಾಗ ಯಂತ್ರ ರೂಪಾಯಿಯೋ ಯೂರೋವೋ ಎಂದು ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರ ಅವರು ಹೇಳಿದ್ದೇ ಆಗುತ್ತದೆ.