ಎಂಟು ತಿಂಗಳು ಬಳಸಿದೆ: ಬಾಟ್‌ಗೆ ಬುದ್ಧಿ ಬಂತು, ನನ್ನ ಟಿಪ್ಪಣಿ ಹೋಯ್ತು

ಬಾಟ್‌ನ ಟೂಲ್‌ಗಳಿಗೆ ವಿವರಣೆ ಬರೆದುಕೊಡುವ ಈ ಆ್ಯಪ್‌ಗೆ ಮೂರು ಸ್ಟಾರ್ ಕೊಡ್ತಾ ಇದ್ದೇನೆ. ಶುರುವಿನಲ್ಲಿ ಕೇಳಿದ್ದರೆ ಐದು ಕೊಡುತ್ತಿದ್ದೆ. ಕಳೆದ ತಿಂಗಳು ಕೇಳಿದ್ದರೆ ಒಂದು.

ನಾನು ಮೈನ್‌ಕ್ರಾಫ್ಟ್ ಆಟದಲ್ಲಿ ತಾನೇ ಆಡುವ ಒಂದು ಬಾಟ್ ಸಾಕಿಕೊಂಡಿದ್ದೇನೆ. ಅದರ ಕೈಕಾಲು ಮೈನ್‌ಫ್ಲೇಯರ್ ಅನ್ನುವ, ಬಾಟ್ ಓಡಿಸುವ ಸಿದ್ಧ ಕೋಡ್ ಲೈಬ್ರರಿ, ತಲೆ ಒಂದು ಭಾಷಾ ಮಾಡೆಲ್. ನಡುವೆ ನಾನು ಬರೆದ ಟೂಲ್‌ಗಳು: ನಡೆ, ಅಗೆ, ಕಾಯು, ಪೆಟ್ಟಿಗೆಗೆ ಹಾಕು. ಮಾಡೆಲ್‌ಗೆ ನನ್ನ ಕೋಡ್ ಕಾಣುವುದಿಲ್ಲ. ಟೂಲ್‌ನ ಹೆಸರು, ಪ್ಯಾರಾಮೀಟರ್ (ಅದಕ್ಕೆ ಕೊಡಬೇಕಾದ ಮೌಲ್ಯ), ಒಂದಷ್ಟು ವಿವರಣೆ, ಇಷ್ಟೇ ಕಾಣುವುದು. ಕೋಡ್ ಓದಿ ಆ ವಿವರಣೆಯನ್ನು ತಾನೇ ಬರೆದುಕೊಡುವುದು ಈ ಆ್ಯಪ್‌ನ ಕೆಲಸ.

ನನಗೆ ಹಿಡಿಸಿದ್ದು ಬಲಗಡೆಯ ಚಿಕ್ಕ ಕಿಟಕಿ. ಮಾಡೆಲ್ ಕಣ್ಣಿಗೆ ಬೀಳುವ ಪಠ್ಯ ಅಲ್ಲಿ ಹಾಗೇ ಕಾಣುತ್ತದೆ, ಕೆಳಗೆ ಟೋಕನ್ ಲೆಕ್ಕ, ಅಂದರೆ ಮಾಡೆಲ್ ಪಠ್ಯವನ್ನು ಒಡೆದು ಓದುವ ತುಣುಕುಗಳ ಎಣಿಕೆ. ಮಾಡೆಲನ್ನು ಕರೆದಾಗಲೆಲ್ಲ ಎಲ್ಲಾ ಟೂಲ್‌ಗಳ ವಿವರಣೆಯೂ ಜೊತೆಗೆ ಹೋಗುತ್ತದೆ. ದುಡ್ಡು ಕಟ್ಟೋನು ನಾನು. ಆ ಲೆಕ್ಕ ನೋಡಿಯೇ 34 ಟೂಲ್ ಇದ್ದದ್ದನ್ನು 11ಕ್ಕೆ ಇಳಿಸಿದೆ. ಬಾಟ್ ಕೂಡ ತಬ್ಬಿಬ್ಬಾಗುವುದು ಕಡಿಮೆಯಾಯಿತು.

ಆಮೇಲೆ ಅದೊಂದು ಅಭ್ಯಾಸವೇ ಆಗಿಹೋಯಿತು. ರಾತ್ರಿ ಮಲಗುವ ಮುಂಚೆ ಬಾಟ್‌ಗೆ ಒಂದು ಕೆಲಸ ಹಚ್ಚುವುದು. ಬೆಳಿಗ್ಗೆ ಎದ್ದು ಲಾಗ್ (ಅದು ಮಾಡಿದ್ದರ ದಾಖಲೆ) ಓದುವುದು. ಎಲ್ಲಿ ಎಡವಿತು ಅಂತ ಹುಡುಕಿ, ಆ ಟೂಲ್‌ನ ವಿವರಣೆಗೆ ಸೇರುವ ಟಿಪ್ಪಣಿ ಜಾಗದಲ್ಲಿ ಒಂದೇ ಒಂದು ಸಾಲು ಬರೆಯುವುದು. ಎರಡಲ್ಲ, ಒಂದೇ.

ಮೊದಲ ಸಾಲು ಬರೆದದ್ದು ‘ಕಾಯು’ ಟೂಲ್‌ಗೆ. ಆ್ಯಪ್ ಅದಕ್ಕೆ ‘ಸಮಯ: ಸಂಖ್ಯೆ’ ಅಂತಷ್ಟೇ ಬರೆದಿತ್ತು. ಮಾಡೆಲ್ 10 ಸೆಕೆಂಡ್ ಅಂದುಕೊಂಡು 10 ಕಳಿಸಿತು. ಆದರೆ ಆಟದ ಗಡಿಯಾರ ಓಡುವುದು ಟಿಕ್‌ನಲ್ಲಿ, ಸೆಕೆಂಡಿಗೆ 20. ಬಾಟ್ ಅರ್ಧ ಸೆಕೆಂಡ್ ಕಾದು, ಇನ್ನೂ ಕತ್ತಲಿರುವಾಗಲೇ ಹೊರಗೆ ಹೋಗಿ ಜಾಂಬಿ ಕೈಗೆ ಸಿಕ್ಕಿತು. ಇನ್ನೊಂದು ದಿನ ಎತ್ತರವನ್ನು ಝಡ್ ಅಂದುಕೊಂಡಿತು. ಇಲ್ಲಿ ಎತ್ತರ ಅಂದರೆ ವೈ, -64ರಿಂದ ಶುರು. ಗೊತ್ತಿದ್ದವರಿಗೆ ಇದೆಲ್ಲ ಹೇಳಬೇಕಾ ಅನ್ನಿಸುತ್ತೆ. ಹೇಳಲೇಬೇಕು.

ಜಾಸ್ತಿ ನೋವಾಗಿದ್ದು ವಜ್ರದ್ದು. ವಜ್ರದ ಅದಿರು ಒಡೆಯಲು ಕನಿಷ್ಠ ಕಬ್ಬಿಣದ ಪಿಕಾಸಿ ಬೇಕು. ಕಲ್ಲಿನದರಲ್ಲಿ ಒಡೆದರೆ ಬ್ಲಾಕ್ ಮಾಯ, ಕೈಗೆ ಏನೂ ಸಿಗುವುದಿಲ್ಲ. ನನ್ನ ಬಾಟ್ ಕಲ್ಲಿನ ಪಿಕಾಸಿಯಲ್ಲಿ ಏಳು ವಜ್ರ ಒಡೆದುಹಾಕಿತ್ತು. ಪ್ರತಿ ಸಲವೂ ಟೂಲ್ ‘ಯಶಸ್ವಿ’ ಅಂದಿತ್ತು. ಒಡೆದದ್ದೇನೋ ನಿಜ ಅಲ್ವಾ! ಆ ಬೆಳಿಗ್ಗೆಯ ಸಾಲನ್ನು ದಪ್ಪಕ್ಷರದಲ್ಲಿ ಬರೆದೆ.

ಹೀಗೆ ನಲವತ್ತು ಸಾಲು ಸೇರಿದ್ದವು. ಕಳೆದ ತಿಂಗಳು ಆ್ಯಪ್‌ಗೆ ಅಪ್‌ಡೇಟ್ ಬಂತು. ಒಂದು ಫಂಕ್ಷನ್‌ನ ಹೆಸರು ಬದಲಿಸಿದ್ದೆ, ‘ಮತ್ತೆ ತಯಾರಿಸು’ ಒತ್ತಿದೆ. ಕೋಡ್ ಎಲ್ಲ ಹೊಸದಾಗಿ ಓದಿ, ವಿವರಣೆ ಎಲ್ಲ ಹೊಸದಾಗಿ ಬರೆದು, ನನ್ನ ಟಿಪ್ಪಣಿಗಳನ್ನು ಗುಡಿಸಿ ಹಾಕಿತು. ಒಂದು ಎಚ್ಚರಿಕೆಯೂ ಇಲ್ಲ. ಗಿಟ್‌ನಲ್ಲಿ (ಕೋಡ್‌ನ ಹಳೆಯ ಪ್ರತಿಗಳನ್ನು ಉಳಿಸುವ ವ್ಯವಸ್ಥೆ) ಇಟ್ಟಿರಲಿಲ್ವಾ ಅಂತ ಕೇಳಬೇಡಿ. ಟಿಪ್ಪಣಿಗಳು ಇರುವುದು ಅವರ ಸರ್ವರ್‌ನಲ್ಲಿ, ಹೊರಗೆ ತೆಗೆಯಲು ಬಟನ್ನೇ ಇಲ್ಲ. ಬರೆದು ಕೇಳಿದೆ. ‘ನಿಮ್ಮ ಸಲಹೆ ತಂಡಕ್ಕೆ ತಲುಪಿಸಿದ್ದೇವೆ’ ಅಂದರು. ಸಲಹೆಯಂತೆ!

ಸಿಟ್ಟಿನಲ್ಲಿ ಆ ವಾರ ಎಲ್ಲವನ್ನೂ ಕೈಯಲ್ಲೇ ಬರೆಯಲು ಕೂತೆ. ಅರ್ಧ ಸಾಲುಗಳಿಗೆ ವಿವರಣೆಯಲ್ಲಿ ಜಾಗವೇ ಬೇಕಿರಲಿಲ್ಲ ಅಂತ ಆಗ ಗೊತ್ತಾಯಿತು. ವಜ್ರದ ಬಗ್ಗೆ ಪ್ರತಿ ಕರೆಯಲ್ಲೂ ಉಪದೇಶ ಯಾಕೆ? ಟೂಲ್ ‘ಯಶಸ್ವಿ’ ಅನ್ನುವ ಬದಲು ‘ಬ್ಲಾಕ್ ಒಡೆಯಿತು, ಏನೂ ಸಿಗಲಿಲ್ಲ, ಕೈಯಲ್ಲಿದ್ದದ್ದು ಕಲ್ಲಿನ ಪಿಕಾಸಿ’ ಅಂತ ಉತ್ತರ ಕೊಟ್ಟರೆ ಸಾಕು. ಹೆಚ್ಚೆಂದರೆ ಒಂದು ವಜ್ರ ಹೋಗುತ್ತದೆ, ಏಳಲ್ಲ. ‘ಸಮಯ’ ಅನ್ನುವ ಪ್ಯಾರಾಮೀಟರ್‌ಗೆ ‘ಟಿಕ್‌ಗಳು’ ಅಂತ ಹೆಸರಿಟ್ಟೆ, ಅಲ್ಲಿಗೆ ಆ ಟಿಪ್ಪಣಿಯೂ ಬೇಡವಾಯಿತು. ಉಳಿದದ್ದನ್ನು ಕೋಡ್‌ನ ಕಾಮೆಂಟ್‌ನಲ್ಲೇ ಇಟ್ಟಿದ್ದೇನೆ. ಆ್ಯಪ್ ಈಗ ಎಷ್ಟು ಸಲ ಬೇಕಾದರೂ ಅಳಿಸಿ ಬರೆದುಕೊಳ್ಳಲಿ.

ಚಂದಾ ನಿಲ್ಲಿಸಿ ಉಚಿತ ಆವೃತ್ತಿಗೆ ಇಳಿದಿದ್ದೇನೆ. ಬಲಗಡೆಯ ಕಿಟಕಿ ಅದರಲ್ಲೂ ಇದೆ, ನನಗೆ ಬೇಕಾದದ್ದೂ ಅದೇ. ಹತ್ತಿಪ್ಪತ್ತು ಟೂಲ್ ಇರುವವರಿಗೆ ಅಷ್ಟು ಸಾಕು. ಟಿಪ್ಪಣಿ ಜಾಗಕ್ಕೆ ಮಾತ್ರ ಕೈ ಹಾಕಬೇಡಿ.

ಕಳೆದುಹೋದ ನಲವತ್ತರಲ್ಲಿ ಮೂವತ್ತೊಂದು ನೆನಪಿಗೆ ಬಂದಿವೆ. ಉಳಿದವು ಬಾಟ್ ತಪ್ಪು ಮಾಡಿದಾಗ ಒಂದೊಂದಾಗಿ ಬರುತ್ತಿವೆ. ನಿನ್ನೆ ರಾತ್ರಿ ನಾನು ಕಟ್ಟಿದ ಮನೆಯ ಗೋಡೆ ಒಡೆದು ಒಳಗೆ ಬಂದಿದೆ, ಪಕ್ಕದಲ್ಲೇ ಬಾಗಿಲಿತ್ತು. ಇದು ಮೂವತ್ತೆರಡನೆಯದು.